ಡಬ್ಬಿ ಬದಲಾಗಿದೆ, ಎಂಜಿನ್ ಅದೇ: ಟರ್ಬೊ ಕಾರುಗಳ ಸಿಂಥೆಟಿಕ್ ಆಯಿಲ್ ಬಗ್ಗೆ ಓದುಗರ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಟರ್ಬೊ ಪೆಟ್ರೋಲ್ ಕಾರುಗಳು ಹೆಚ್ಚಿದಂತೆ ಆಯಿಲ್ ಕುರಿತ ಪತ್ರಗಳೂ ಹೆಚ್ಚಿವೆ. ಒಂದೇ ಹೆಸರಿನ ಆಯಿಲ್ ಹೊಸ ಸೂತ್ರದಲ್ಲಿ ಬರುತ್ತಿರುವುದೇ ಹೆಚ್ಚಿನವರ ಗೊಂದಲ. ಆ ಪತ್ರಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಹತ್ರ ಆಕ್ಟೇವಿಯಾ ಆರ್‌ಎಸ್ ಪೆಟ್ರೋಲ್ ಗಾಡಿ ಅದ. ಮೊದಲಿಂದ ಒಂದೇ ಕಂಪನಿಯ 0ಡಬ್ಲ್ಯೂ-40 ಹಾಕಿಸ್ಕೋತ ಬಂದೀನಿ. ಈಗ ಅದೇ ಹೆಸರಿನ ಡಬ್ಬಿ ಬ್ಯಾರೆ ರೂಪದಾಗ ಬರ್ಲಿಕತ್ತದ. ಹಿಂದ ಎಪಿಐ ಎಸ್‌ಎನ್ ಅಂತ ಇತ್ತು, ಈಗ ಎಸ್‌ಪಿ ಅಂತ ಅದ. ಡಾಟಾ ಶೀಟ್‌ನಾಗ 100 ಡಿಗ್ರಿಗೆ ಸ್ನಿಗ್ಧತೆ 13.8 ಇದ್ದದ್ದು 12.9ಕ್ಕ ಇಳದದ. ಆಯಿಲ್ ತೆಳ್ಳಗ ಮಾಡ್ಯಾರೇನ್ರಿ? ಹಳೇ ಸ್ಟಾಕ್ ಹುಡುಕಿ ಇಟ್ಕೋಬೇಕೋ?
— ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಹಳೆಯ ಸ್ಟಾಕ್ ಹುಡುಕಬೇಡಿ. ಎಸ್‌ಎನ್, ಎಸ್‌ಪಿ ಎಂಬುವು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಆಯಿಲ್‌ಗೆ ಕೊಡುವ ದರ್ಜೆಗಳು, ಎಸ್‌ಪಿ ಹೊಸದು. ನಿಮ್ಮ ಎಂಜಿನ್‌ಗೆ ಎಸ್‌ಪಿ ಡಬ್ಬಿಯೇ ಮೇಲು. ಆದರೆ ಅದನ್ನು ಕೊಳ್ಳುವ ಮುಂಚೆ ಹಿಂಭಾಗದ ನಾಲ್ಕು ಸಾಲು ಓದಬೇಕು.

ಮೊದಲು ಆ ಅಂಕಿಯ ವಿಚಾರ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ, ಅಂದರೆ ಆಯಿಲ್‌ನ ದಪ್ಪ, 12.5ರಿಂದ 16.3 ಸೆಂಟಿಸ್ಟೋಕ್ಸ್‌ನೊಳಗೆ ಇರುವ ಆಯಿಲ್‌ಗೆ ‘40’ ಗ್ರೇಡ್. 13.8 ಇದ್ದರೂ 12.9 ಇದ್ದರೂ ಗ್ರೇಡ್ ಅದೇ. ಆ ಅಂಕಿ ಸಿಗುವುದು ಆಯಿಲ್ ತನ್ನ ಪಾಡಿಗೆ ಸಣ್ಣ ಕೊಳವೆಯಲ್ಲಿ ಇಳಿಯುವಾಗ. ಕ್ರ್ಯಾಂಕ್ ಬೇರಿಂಗ್‌ನಲ್ಲಿ, ಕ್ಯಾಮ್ ಮೇಲೆ, ಪಿಸ್ಟನ್ ರಿಂಗ್ ಬಳಿ ಆಯಿಲ್‌ಗೆ ಬೀಳುವ ಒತ್ತಡ, ಎಳೆತವೇ ಬೇರೆ. ಅದನ್ನು ತೋರಿಸುವ ಅಂಕಿ ಎಚ್‌ಟಿಎಚ್‌ಎಸ್, ಅಂದರೆ 150 ಡಿಗ್ರಿ ಕಾವಿನಲ್ಲಿ ಭಾರಿ ವೇಗದ ಎಳೆತಕ್ಕೆ ಸಿಕ್ಕಾಗ ಉಳಿಯುವ ಸ್ನಿಗ್ಧತೆ. ಸ್ನಿಗ್ಧತೆ ಹಿಡಿದಿಡಲು ಸೇರಿಸುವ ಪಾಲಿಮರ್ ಹೆಚ್ಚಿದ್ದ ಆಯಿಲ್ ಡಾಟಾ ಶೀಟ್‌ನಲ್ಲಿ 13.8 ತೋರಿಸಿ, ಬೇರಿಂಗ್‌ನೊಳಗೆ ತೆಳ್ಳಗಾಗಬಹುದು. ಆ ಪಾಲಿಮರ್ ಕಡಿಮೆ ಮಾಡಿ ಒಳ್ಳೆಯ ಮೂಲ ಎಣ್ಣೆ ಹಾಕಿದ ಆಯಿಲ್ 12.9 ತೋರಿಸಿದರೂ ಬೇರಿಂಗ್‌ನಲ್ಲಿ ಅಷ್ಟೇ ಗಟ್ಟಿ ಪದರ ಕೊಡಬಹುದು. ಹೀಗಾಗಿ ಹಳೆ ಶೀಟ್, ಹೊಸ ಶೀಟ್ ಎರಡರಲ್ಲೂ ಎಚ್‌ಟಿಎಚ್‌ಎಸ್ ಸಾಲನ್ನು ಹೋಲಿಸಿ. 3.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೆಳುವಾಯಿತೆಂಬ ಚಿಂತೆ ಬೇಡ.

ಇನ್ನು ಎಸ್‌ಪಿ ಯಾಕೆ ಮೇಲು ಎಂಬುದು. ನೇರ ಇಂಜೆಕ್ಷನ್ ಟರ್ಬೊ ಎಂಜಿನ್‌ಗಳಲ್ಲಿ ಒಂದು ಕೆಟ್ಟ ರೋಗವಿದೆ. 1500ರಿಂದ 2500 ಆರ್‌ಪಿಎಂ ನಡುವೆ, ದೊಡ್ಡ ಗೇರ್‌ನಲ್ಲಿ, ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ, ಸಿಲಿಂಡರ್ ಗೋಡೆಯಿಂದ ಸಿಡಿದ ಆಯಿಲ್ ಮತ್ತು ಪೆಟ್ರೋಲ್ ಬೆರೆತ ಹನಿ ಸ್ಪಾರ್ಕ್ ಬರುವ ಮೊದಲೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಎಲ್‌ಎಸ್‌ಪಿಐ ಎನ್ನುತ್ತಾರೆ. ಕೆಲವೇ ಹೊಡೆತಗಳಿಗೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯಬಲ್ಲದು. ಆಯಿಲ್‌ನ ಶುಚಿಕಾರಕದಲ್ಲಿರುವ ಕ್ಯಾಲ್ಸಿಯಂ ಹೆಚ್ಚಿದ್ದಷ್ಟೂ ಇದರ ಸಂಭವ ಹೆಚ್ಚು ಎಂದು ಪರೀಕ್ಷೆಗಳಲ್ಲಿ ತಿಳಿಯಿತು. ಮೊದಲು 2018ರಲ್ಲಿ ಎಸ್‌ಎನ್ ಪ್ಲಸ್, ಆಮೇಲೆ 2020ರ ಮೇ ತಿಂಗಳಲ್ಲಿ ಎಸ್‌ಪಿ ಬಂದದ್ದು ಈ ಕಾರಣಕ್ಕೆ. ಹೊಸ ಸೂತ್ರಗಳಲ್ಲಿ ಕ್ಯಾಲ್ಸಿಯಂನ ಒಂದು ಪಾಲು ತೆಗೆದು ಮೆಗ್ನೀಸಿಯಂ ಸೇರಿಸುತ್ತಾರೆ. ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಎಸ್‌ಪಿಯಲ್ಲಿ ಸೇರಿತು. ನಿಮ್ಮ 2.0 ಟಿಎಸ್‌ಐ ಎಂಜಿನ್‌ನಲ್ಲಿ ಇರುವುದು ಚೈನೇ, ಬೆಲ್ಟ್ ಅಲ್ಲ. ಮೂಲ ಎಸ್‌ಎನ್‌ನಲ್ಲಿ ಈ ಎರಡೂ ಪರೀಕ್ಷೆ ಇರಲಿಲ್ಲ.

ಎಸ್‌ಪಿಯಲ್ಲಿ ಸವೆತ ತಡೆಯುವ ರಂಜಕದ ಸಂಯುಕ್ತ, ಅಂದರೆ ಜಡ್‌ಡಿಡಿಪಿ, ಕಡಿಮೆ ಮಾಡಿದ್ದಾರೆ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತಿದೆ. ರಂಜಕಕ್ಕೆ 0.08 ಶೇಕಡಾದ ಮೇಲ್ಮಿತಿ ಇರುವುದು 0ಡಬ್ಲ್ಯೂ-20, 5ಡಬ್ಲ್ಯೂ-30ಯಂಥ ಇಂಧನ ಉಳಿಸುವ ಗ್ರೇಡುಗಳಿಗೆ. 40 ಗ್ರೇಡಿಗೆ ಎಪಿಐ ಆ ಮೇಲ್ಮಿತಿ ಹಾಕಿಲ್ಲ.

ಹಾಗಾದರೆ ಹೊಸ ಡಬ್ಬಿಯಲ್ಲಿ ಏನು ಕಳೆದುಹೋಗಬಹುದು? ತಯಾರಕರ ಅನುಮೋದನೆ. ನಾವು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕೆನ್ನುವುದು ಇದನ್ನೇ. ಹಳೆ ಡಬ್ಬಿಯ ಮೇಲೆ ಫೋಕ್ಸ್‌ವ್ಯಾಗನ್ 502 00, ಮರ್ಸಿಡಿಸ್ 229.5, ಪೋರ್ಷೆ ಎ40 ಎಂದಿದ್ದು ಹೊಸದರಲ್ಲಿ ಒಂದು ಮಾಯವಾಗಿದ್ದರೆ ಕಾರಣ ಕೇಳಬೇಕು. ಪದಗಳನ್ನೂ ನೋಡಿ. ‘ಅನುಮೋದನೆ ಪಡೆದಿದೆ’ ಎಂದರೆ ಕಾರು ಕಂಪನಿ ತನ್ನ ಎಂಜಿನ್ ಪರೀಕ್ಷೆಗಳ ಫಲಿತಾಂಶ ನೋಡಿ ಒಪ್ಪಿದೆ. ‘ಅಗತ್ಯಗಳನ್ನು ಪೂರೈಸುತ್ತದೆ’, ‘ಬಳಕೆಗೆ ಸೂಕ್ತ’ ಎಂದರೆ ಅದು ಆಯಿಲ್ ಕಂಪನಿಯ ಸ್ವಂತ ಮಾತು. ಯುರೋಪಿನ ಕಾರು ತಯಾರಕರ ಸಂಘದ ದರ್ಜೆ ಹೇಳುವ ಎಸಿಇಎ ಸಾಲು ಎ3/ಬಿ4ರಿಂದ ಸಿ3ಗೆ ಬದಲಾಗಿದೆಯೇ ಎಂದೂ ನೋಡಿ. ಎರಡರಲ್ಲೂ ಎಚ್‌ಟಿಎಚ್‌ಎಸ್ 3.5ಕ್ಕೆ ಕಡಿಮೆ ಇರುವುದಿಲ್ಲ. ಆದರೆ ಸಿ3ಯಲ್ಲಿ ಆಯಿಲ್ ಉರಿದಾಗ ಉಳಿಯುವ ಬೂದಿ 0.8 ಶೇಕಡಾ ಮೀರುವಂತಿಲ್ಲ, ಆಮ್ಲ ತಡೆಯುವ ಕ್ಷಾರದ ಸಂಗ್ರಹ, ಅಂದರೆ ಟಿಬಿಎನ್, ಕನಿಷ್ಠ 6 ಇದ್ದರೆ ಸಾಕು. ಎ3/ಬಿ4ರಲ್ಲಿ ಅದು ಕನಿಷ್ಠ 10. ಬಿಎಸ್-6 ಪೆಟ್ರೋಲ್‌ನಲ್ಲಿ ಗಂಧಕ 10 ಪಿಪಿಎಂಗೆ ಇಳಿದಿರುವುದರಿಂದ ಸಿ3 ಹಾಕಿದರೆ ಎಂಜಿನ್ ಹಾಳಾಗದು. ಆದರೆ ಅದರ ಜೊತೆಗೆ ಆಯಿಲ್ ಬದಲಿಸುವ ಅಂತರವನ್ನೂ ಎಳೆಯಬೇಡಿ.

ನಿಮ್ಮ ಎಂಜಿನ್ ಹಿಡಿಯುವುದು 5.7 ಲೀಟರಿನ ಆಸುಪಾಸು. 4 ಲೀಟರಿನ ಒಂದು ಡಬ್ಬಿಗೆ 1 ಲೀಟರಿನ ಎರಡು ಡಬ್ಬಿ ಸೇರಿಸಿಕೊಳ್ಳಿ, ಮೂರೂ ಒಂದೇ ಸೂತ್ರದ್ದಾಗಿರಲಿ. ಒಂದು ಎಸ್‌ಎನ್, ಉಳಿದದ್ದು ಎಸ್‌ಪಿ ಆದರೆ ಎಂಜಿನ್ ಕೆಡುವುದಿಲ್ಲ, ಬೆರೆತು ಕೆಲಸ ಮಾಡುತ್ತವೆ. ಆದರೆ ಹೊಸ ಸೂತ್ರದ ಲಾಭ ಅಷ್ಟರಮಟ್ಟಿಗೆ ಕುಗ್ಗುತ್ತದೆ. 2025ರ ಮಾರ್ಚ್ ಕೊನೆಯಿಂದ ಎಸ್‌ಕ್ಯು ಎಂಬ ಮುಂದಿನ ದರ್ಜೆಗೂ ಪರವಾನಗಿ ಶುರುವಾಗಿದೆ. ಆ ಅಕ್ಷರ ಕಂಡರೆ ಗಾಬರಿ ಬೇಡ, ಅದು ಎಸ್‌ಪಿಗಿಂತ ಮುಂದಿನದು.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮಲ್ಲಿ 43 ಡಿಗ್ರಿ ದಾಟುತ್ತದೆ. 5ಡಬ್ಲ್ಯೂ-40 ನೀರಾಗುತ್ತದೆ, 20ಡಬ್ಲ್ಯೂ-50 ಹಾಕಿಸಿ ಎಂದು ಮಿಸ್ತ್ರಿ ಹೇಳುತ್ತಾರೆ. ಗಾಡಿ 1.5 ಟರ್ಬೊ ಪೆಟ್ರೋಲ್.
— ಯಾದಗಿರಿ

ಉತ್ತರ: ಬೇಡ. ಹೊರಗೆ 25 ಇರಲಿ 43 ಇರಲಿ, ಥರ್ಮೋಸ್ಟಾಟ್ ಕೂಲಂಟನ್ನು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿಯುತ್ತದೆ. ಹೆದ್ದಾರಿಯಲ್ಲಿ ಆಯಿಲ್ 100ರಿಂದ 115 ಡಿಗ್ರಿಯಲ್ಲಿ ಓಡುತ್ತದೆ. ಹೊರಗಿನ 18 ಡಿಗ್ರಿ ವ್ಯತ್ಯಾಸ ಆಯಿಲ್‌ವರೆಗೆ ಪೂರ್ತಿ ತಲುಪುವುದಿಲ್ಲ. ಎಚ್‌ಟಿಎಚ್‌ಎಸ್ ಅಳೆಯುವುದೇ 150 ಡಿಗ್ರಿಯಲ್ಲಿ.

ಕಾರ್ಬ್ಯುರೇಟರ್ ಕಾಲದ ಎಂಜಿನ್‌ಗೆ ಆ ಸಲಹೆ ಸರಿಯಿತ್ತು. ಈಗಿನ ಎಂಜಿನ್‌ನಲ್ಲಿ ವಾಲ್ವ್ ಟೈಮಿಂಗ್ ಬದಲಿಸುವುದು ಆಯಿಲ್ ಒತ್ತಡ, ಅದನ್ನು ನಿಯಂತ್ರಿಸುವ ಸೊಲೆನಾಯ್ಡ್‌ನ ದಾರಿಗಳು ಕಿರಿದು. ಚೈನ್ ಇರುವ ಎಂಜಿನ್‌ನಲ್ಲಿ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಕೂಡ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಡಿಸೆಂಬರ್ ಬೆಳಗಿನ 15 ಡಿಗ್ರಿಯಲ್ಲಿ ಸ್ಟಾರ್ಟ್ ಮಾಡಿದಾಗ 20ಡಬ್ಲ್ಯೂ-50 ಟರ್ಬೊ ಬೇರಿಂಗ್ ತಲುಪುವುದು ತಡ. ಸವೆತ ಹೆಚ್ಚಾಗುವುದು ಆ ಮೊದಲ ಸೆಕೆಂಡುಗಳಲ್ಲಿ. ಮ್ಯಾನುಯಲ್‌ನಲ್ಲಿ ಇಲ್ಲದ ಗ್ರೇಡ್ ಹಾಕಿದರೆ ವಾರಂಟಿಗೂ ತೊಂದರೆ.

ಬೇಸಿಗೆಗೆ ನಿಜವಾಗಿ ಬೇಕಾದ ಕೆಲಸ ಬೇರೆಯದು. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವೆ ತುಂಬಿಕೊಂಡ ಮಣ್ಣು, ಹತ್ತಿಯ ನಾರು, ಹುಳ ತೆಗೆಸಿ. ಜೋರು ಪ್ರೆಷರ್ ನೀರು ಬೇಡ, ರೇಡಿಯೇಟರಿನ ತೆಳು ಲೋಹದ ರೆಕ್ಕೆ ಮಡಚಿಕೊಳ್ಳುತ್ತವೆ. ಕೂಲಂಟ್ ಮಟ್ಟ ನೋಡಿ. ರಾಯಚೂರು ಕಡೆಯಿಂದ ಒಂದೇ ಸಮನೆ ಜೋರಾಗಿ ಓಡಿಸಿ ಬಂದರೆ ಕೊನೆಯ ಎರಡು ಕಿಲೋಮೀಟರ್ ನಿಧಾನ ಮಾಡಿ, ನಿಲ್ಲಿಸಿದ ಮೇಲೆ ಒಂದು ನಿಮಿಷ ಬಿಟ್ಟು ಆಫ್ ಮಾಡಿ.

ಪ್ರಶ್ನೆ: ನಮ್ಮೂರ ಸುತ್ತ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ. ಕಂಪನಿ 15,000 ಕಿ.ಮೀ.ಗೆ ಆಯಿಲ್ ಬದಲಿಸಿ ಎನ್ನುತ್ತದೆ. ಒಳ್ಳೆಯ ಸಿಂಥೆಟಿಕ್ ಹಾಕಿದರೆ ಅಷ್ಟು ಓಡಿಸಬಹುದೇ?
— ಸೇಡಂ

ಉತ್ತರ: ಆಯಿಲ್ ತಾಳಬಹುದು, ಅದರೊಳಗೆ ಸೇರುವ ದೂಳನ್ನು ಎಂಜಿನ್ ತಾಳುವುದಿಲ್ಲ. ಮಳಖೇಡ, ಸೇಡಂ, ವಾಡಿ, ಚಿತ್ತಾಪುರ ಪಟ್ಟಿಯಲ್ಲಿ ದಿನಾ ಓಡುವ ಕಾರಿಗೆ 7,500 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂಬುದು ನಮ್ಮ ಖಚಿತ ಅಭಿಪ್ರಾಯ. ಮ್ಯಾನುಯಲ್‌ಗಳಲ್ಲೇ ‘ಕಠಿಣ ಬಳಕೆ’ ಎಂಬ ಭಾಗವಿರುತ್ತದೆ, ದೂಳಿನ ರಸ್ತೆ ಅದರಲ್ಲಿ ಬರುತ್ತದೆ.

ಸುಣ್ಣಕಲ್ಲಿನ ಪುಡಿ ಮೆದು. ಅದರೊಡನೆ ಬೆರೆತ ರಸ್ತೆ ಮಣ್ಣಿನ ಸಿಲಿಕಾ ಕಬ್ಬಿಣಕ್ಕಿಂತ ಗಟ್ಟಿ. ಅದು ರಿಂಗ್ ಮತ್ತು ಸಿಲಿಂಡರ್ ನಡುವೆ ಸಿಕ್ಕಿಕೊಂಡು ಅರೆಯುತ್ತದೆ. ದುಬಾರಿ ಆಯಿಲ್ ಇದನ್ನು ತಡೆಯಲಾರದು, ಏರ್ ಫಿಲ್ಟರ್ ತಡೆಯುತ್ತದೆ. ಹೀಗಾಗಿ ದುಡ್ಡನ್ನು ಮೊದಲು ಅಲ್ಲಿ ಹಾಕಿ. ಪೇಪರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿಸುವ ರೂಢಿ ನಮ್ಮ ಭಾಗದ ಬಹುತೇಕ ಗ್ಯಾರೇಜುಗಳಲ್ಲಿದೆ, ದಯವಿಟ್ಟು ಬಿಡಿಸಿ. ಕಾಗದದ ನಾರು ಬಿಟ್ಟುಕೊಂಡು ಕಣ್ಣಿಗೆ ಕಾಣದ ದಾರಿಯಾಗುತ್ತದೆ. ಮೆಲ್ಲಗೆ ತಟ್ಟಿ ಉದುರಿಸಿ, ಆಗದಿದ್ದರೆ ಹೊಸದು ಹಾಕಿ. ಹೊಸದನ್ನು ಕೂಡಿಸುವಾಗ ಪೆಟ್ಟಿಗೆಯ ಅಂಚಿನ ರಬ್ಬರ್ ಸರಿಯಾಗಿ ಕೂತಿದೆಯೇ ನೋಡಿ, ಒಳಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಫಿಲ್ಟರ್ ದಾಟಿದ ಕೊಳವೆಯೊಳಗೆ ಬೆರಳು ಆಡಿಸಿದಾಗ ದೂಳು ಹತ್ತಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಎಣ್ಣೆ ಸವರುವ ‘ರೇಸ್’ ಫಿಲ್ಟರ್ ನಿಮ್ಮ ಊರಿಗೆ ಸಲ್ಲದು.

ಪ್ರಶ್ನೆ: ‘ಫುಲ್ಲಿ ಸಿಂಥೆಟಿಕ್’ ಎಂದು ಬರೆದ ಎರಡು 5ಡಬ್ಲ್ಯೂ-30 ಡಬ್ಬಿಗಳ ಬೆಲೆಯಲ್ಲಿ ಅಜಗಜಾಂತರ. ಒಂದು ನಿಜವಾದ ಸಿಂಥೆಟಿಕ್ ಅಲ್ಲವೇ?
— ಬೀದರ್

ಉತ್ತರ: ಎರಡೂ ಕಾನೂನಿನ ಪ್ರಕಾರ ಸಿಂಥೆಟಿಕ್ಕೇ ಆಗಿರಬಹುದು. ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದ್ದಾರೆ. ಕಚ್ಚಾ ಎಣ್ಣೆಯನ್ನೇ ಜಲಜನಕದೊಡನೆ ಭಾರಿ ಒತ್ತಡದಲ್ಲಿ ಒಡೆದು ಶುದ್ಧಮಾಡಿದ್ದು ಮೂರನೇ ಗುಂಪು. ರಾಸಾಯನಿಕವಾಗಿ ಕಟ್ಟಿದ ಪಿಎಒ ನಾಲ್ಕನೆಯದು. ಎಸ್ಟರ್ ಮುಂತಾದವು ಐದನೆಯದು. ಅಮೆರಿಕದಲ್ಲಿ 1999ರಲ್ಲಿ ಜಾಹೀರಾತು ವಿವಾದವೊಂದು ಇತ್ಯರ್ಥವಾದ ಮೇಲೆ ಮೂರನೇ ಗುಂಪನ್ನೂ ಸಿಂಥೆಟಿಕ್ ಎನ್ನುವುದು ಹೆಚ್ಚಿನ ದೇಶಗಳಲ್ಲಿ ರೂಢಿಯಾಯಿತು. ಜರ್ಮನಿಯಲ್ಲಿ ಈ ವಿಷಯ ಇನ್ನೂ ಬಿಗಿ. ನೈಸರ್ಗಿಕ ಅನಿಲದಿಂದ ಮಾಡುವ ಮೂಲ ಎಣ್ಣೆಯೂ ಇದೆ, ಕತಾರ್‌ನಲ್ಲಿರುವ ಶೆಲ್ ಸ್ಥಾವರದ್ದು ಹೆಸರಾಂತ ಉದಾಹರಣೆ. ಅದು ಮೂರನೇ ಗುಂಪಿಗೆ ಸೇರಿದರೂ ಗುಣದಲ್ಲಿ ಪಿಎಒಗೆ ಬಹಳ ಹತ್ತಿರ.

ಪಿಎಒ ಎದ್ದು ಕಾಣುವುದು ಮೈನಸ್ 40 ಡಿಗ್ರಿಯ ಚಳಿಯಲ್ಲಿ. ಬೀದರಿನ ಚಳಿಗಾಲ ನಮ್ಮ ಮೂರು ಜಿಲ್ಲೆಗಳಲ್ಲಿ ಗಡುಸೇ ಇರಬಹುದು, ಆದರೂ ಸೊನ್ನೆಗೆ ಇಳಿಯುವುದಿಲ್ಲ. ಆಯಿಲ್ ಎಷ್ಟು ಚಳಿಯವರೆಗೆ ಹರಿಯುತ್ತದೆ ಎಂದು ಹೇಳುವ ‘ಪೋರ್ ಪಾಯಿಂಟ್’ ಸಾಲಿಗಾಗಿ ಇಲ್ಲಿ ಯಾರೂ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಬೆಲೆಯ ನಿಜವಾದ ಕಾರಣ ಬೇರೆ ಇರಬಹುದು. ಒಂದೇ 5ಡಬ್ಲ್ಯೂ-30 ಎಂಬ ಹೆಸರಿನಡಿ ಎರಡು ಬೇರೆ ಜಾತಿಯ ಆಯಿಲ್ ಇವೆ. ಜಪಾನಿ, ಕೊರಿಯನ್ ಕಾರುಗಳಿಗೆಂದು ಮಾಡಿದ, ಬರೀ ಎಪಿಐ ಗುರುತಿನ 5ಡಬ್ಲ್ಯೂ-30ಯ ಎಚ್‌ಟಿಎಚ್‌ಎಸ್ 2.9ಕ್ಕಿಂತ ಸ್ವಲ್ಪ ಮೇಲೆ. ಫೋಕ್ಸ್‌ವ್ಯಾಗನ್ 504 00 ಅಥವಾ ಎಸಿಇಎ ಸಿ3 ಇರುವ 5ಡಬ್ಲ್ಯೂ-30ಯದು ಕನಿಷ್ಠ 3.5, ಅಂದರೆ 5ಡಬ್ಲ್ಯೂ-40ಯಷ್ಟೇ ಗಟ್ಟಿ. ಮುಂದಿನ ಲೇಬಲ್ ಒಂದೇ, ಬೇರಿಂಗ್ ಮೇಲಿನ ಪದರ ಬೇರೆ. ಹೀಗಾಗಿ 504 00 ಕೇಳುವ ಕಾರಿಗೆ ‘ಅದೂ 5ಡಬ್ಲ್ಯೂ-30ನೇ’ ಎಂದು ಅಗ್ಗದ್ದನ್ನು ಹಾಕಿಸಬೇಡಿ. 508 00 ಕೇಳುವ ಕಾರುಗಳಿಗೆ 0ಡಬ್ಲ್ಯೂ-20 ಬೇಕು, ಅವುಗಳ ಪಂಪು, ಬೇರಿಂಗುಗಳನ್ನು ಅದಕ್ಕೆಂದೇ ಮಾಡಿರುತ್ತಾರೆ. ಅದೇ ಆಯಿಲನ್ನು 502 00 ಕೇಳುವ ಹಳೆಯ ಪೋಲೊಗೆ ಹಾಕುವುದು ಅಪಾಯ.

ಪ್ರಶ್ನೆ: ಆಯಿಲ್ ಬದಲಿಸಿ 1,000 ಕಿ.ಮೀ. ಆಗಿಲ್ಲ, ಆಗಲೇ ಕಪ್ಪಾಗಿದೆ. ನಕಲಿ ಇರಬಹುದೇ?
— ಆಳಂದ

ಉತ್ತರ: ಬಣ್ಣ ನೋಡಿ ನಕಲಿ ಎನ್ನಲಾಗದು. ನೇರ ಇಂಜೆಕ್ಷನ್ ಎಂಜಿನ್ ಮಸಿ ಮಾಡುತ್ತದೆ, ಒಳ್ಳೆಯ ಆಯಿಲ್ ಆ ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುತ್ತದೆ. ಕಪ್ಪಾಗದಿದ್ದರೆ ಮಸಿ ಎಂಜಿನ್‌ನಲ್ಲೇ ಕೂತಿದೆ ಎಂದಾಗಬಹುದು.

ನಕಲಿಯ ಭಯವಂತೂ ಸುಳ್ಳಲ್ಲ. ಖಾಲಿ ಅಸಲಿ ಡಬ್ಬಿಗೆ ಅಗ್ಗದ ಆಯಿಲ್ ತುಂಬುವುದು ಹೆಚ್ಚು. ಮುಚ್ಚಳದ ಉಂಗುರ ಅಖಂಡವಿರಬೇಕು, ಒಳಗಿನ ಸೀಲ್ ಅಂಚಿನವರೆಗೆ ಅಂಟಿರಬೇಕು. ಡಬ್ಬಿಯ ಬ್ಯಾಚ್ ಸಂಖ್ಯೆ ಮತ್ತು ರಟ್ಟಿನ ಪೆಟ್ಟಿಗೆಯದು ಒಂದೇ ಇರಬೇಕು. ಕ್ಯುಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ, ಅದು ತೆರೆಯುವುದು ಕಂಪನಿಯ ತಾಣವೇ ಎಂದು ನೋಡಿ. ಬಿಲ್ ಕೊಡುವ ಅಧಿಕೃತ ವಿತರಕರಲ್ಲಿ ಮಾತ್ರ ಕೊಳ್ಳಿ. ಗ್ಯಾರೇಜಿನಲ್ಲಿ ನಿಮ್ಮೆದುರೇ ಸೀಲ್ ಒಡೆಸಿ, ಖಾಲಿ ಡಬ್ಬಿಗೆ ಅಲ್ಲೇ ಮೊಳೆಯಿಂದ ತೂತು ಹೊಡೆಯಿರಿ, ಮರುಬಳಕೆಗೆ ಅದು ಸಿಗುವುದಿಲ್ಲ.

ಪ್ರಶ್ನೆ: ವಾರಕ್ಕೊಮ್ಮೆ ಹೈದರಾಬಾದಿಗೆ ಹೋಗಿಬರುತ್ತೇನೆ. ಬೇರೆ ಕಂಪನಿಯ 5ಡಬ್ಲ್ಯೂ-40ಗೆ ಬದಲಿಸಿದ ಮೇಲೆ 1,000 ಕಿ.ಮೀ.ಗೆ ಸುಮಾರು 300 ಮಿ.ಲೀ. ಆಯಿಲ್ ಕಡಿಮೆಯಾಗುತ್ತಿದೆ. ಹಿಂದೆ ಹೀಗಿರಲಿಲ್ಲ.
— ಹುಮನಾಬಾದ್

ಉತ್ತರ: ಟರ್ಬೊ ಎಂಜಿನ್‌ಗಳಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರಿನವರೆಗೆ ಖರ್ಚು ಸಹಜವೆಂದು ಕೆಲವು ತಯಾರಕರು ಹೇಳುತ್ತಾರೆ. ಆದರೆ ನಿಮ್ಮಲ್ಲಿ ಆಗಿರುವ ಬದಲಾವಣೆಗೆ ಕಾರಣ ಹುಡುಕಲೇಬೇಕು. ಎರಡೂ ಡಾಟಾ ಶೀಟ್‌ಗಳಲ್ಲಿ ‘ನೋಯಾಕ್’ ಸಾಲು ನೋಡಿ. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ ಎಷ್ಟು ಶೇಕಡಾ ಆವಿಯಾಗುತ್ತದೆ ಎಂಬ ಅಂಕಿ ಅದು. ಎಸಿಇಎ ಎ3/ಬಿ4 ಮಿತಿ 13. ಹಳೆಯದು 9 ಇದ್ದು ಹೊಸದು 12.5 ಇದ್ದರೆ ಹೆದ್ದಾರಿ ಓಟದಲ್ಲಿ ಖರ್ಚು ಹೆಚ್ಚುವುದು ಸಹಜ. ಆ ಆವಿ ಇನ್‌ಟೇಕ್ ವಾಲ್ವ್ ಮೇಲೆ ಮಸಿಯಾಗಿ ಕಟ್ಟುತ್ತದೆ. ನೇರ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ವಾಲ್ವನ್ನು ತೊಳೆಯದ ಕಾರಣ ಅದು ತಾನಾಗಿ ಹೋಗದು.

ಅಂಕಿಗಳು ಒಂದೇ ಇದ್ದರೆ ಆಯಿಲನ್ನು ದೂರಬೇಡಿ. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಪಿಸಿವಿ ವಾಲ್ವ್‌ನ ಪೊರೆ ಹರಿದಿದೆಯೇ, ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಕೊಳವೆ ಒಳಗೆ ಒದ್ದೆಯಾಗಿದೆಯೇ ನೋಡಿಸಿ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆಯಲು ಹೋದರೆ ಜೋರಾಗಿ ಎಳೆದುಕೊಂಡರೆ ಅಥವಾ ಸಿಳ್ಳೆ ಕೇಳಿದರೆ ಪಿಸಿವಿ ಮೇಲೇ ಅನುಮಾನ.

ಪ್ರಶ್ನೆ: ಮನೆಯಲ್ಲೇ ಆಯಿಲ್ ಬದಲಿಸಬೇಕೆಂದಿದ್ದೇನೆ. ಎಲ್ಲಿ ತಪ್ಪಾಗುತ್ತದೆ?
— ಭಾಲ್ಕಿ

ಉತ್ತರ: ಮೂರು ಜಾಗದಲ್ಲಿ. ಡ್ರೈನ್ ಬೋಲ್ಟ್, ಫಿಲ್ಟರ್ ರಿಂಗ್, ತುಂಬುವ ಅಳತೆ.

ಎಂಜಿನ್ ಹತ್ತು ನಿಮಿಷ ಓಡಿಸಿ, ಹದಿನೈದು ನಿಮಿಷ ಬಿಡಿ. ಕೈ ಸುಡಬಾರದು, ಆದರೆ ಆಯಿಲ್ ತೆಳ್ಳಗೆ ಹರಿಯಬೇಕು. ಸಮತಟ್ಟು ಜಾಗದಲ್ಲಿ ಸ್ಟ್ಯಾಂಡ್ ಕೊಟ್ಟು ಎತ್ತಿ, ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದಿರಲಿ. ಕೆಲವು ಕಾರುಗಳಲ್ಲಿ ವಾಷರ್ ಬೋಲ್ಟಿಗೇ ಸೇರಿರುತ್ತದೆ, ಆಗ ಬೋಲ್ಟೇ ಹೊಸದು. ಎಂಜಿನ್ ತಳದ ಅಲ್ಯೂಮಿನಿಯಂ ಆಯಿಲ್ ಸಂಪ್‌ಗೆ ಉದ್ದ ಪಾನಾ ಹಾಕಿ ಬಲ ಬಿಟ್ಟರೆ ಎಳೆ ಕಿತ್ತುಬರುತ್ತದೆ, ಟಾರ್ಕ್ ವ್ರೆಂಚ್‌ನಿಂದ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ. ಕಾಗದದ ಒಳಫಿಲ್ಟರ್ ಇದ್ದರೆ ಮುಚ್ಚಳದ ಮೇಲೆಯೇ ಬಿಗಿ ಅಚ್ಚಾಗಿರುತ್ತದೆ, ಹೆಚ್ಚಾಗಿ 25 ನ್ಯೂಟನ್ ಮೀಟರ್. ಹಳೆಯ ಒ-ರಿಂಗ್ ತೆಗೆದು ಹೊಸದಕ್ಕೆ ಆಯಿಲ್ ಸವರಿ ಅದೇ ತೋಡಿನಲ್ಲಿ ಕೂಡಿಸಿ. ತಿರುಗಿಸಿ ಹಾಕುವ ಡಬ್ಬಿ ಫಿಲ್ಟರ್ ಆದರೆ ಹಳೆಯ ರಬ್ಬರ್ ಎಂಜಿನ್‌ಗೇ ಅಂಟಿ ಉಳಿದಿಲ್ಲವೇ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಸ್ಟಾರ್ಟ್ ಮಾಡಿದ ನಿಮಿಷದಲ್ಲೇ ಆಯಿಲ್ ಹೊರಗೆ ಸುರಿದೀತು.

ಮ್ಯಾನುಯಲ್ ಅಳತೆಗಿಂತ ಅರ್ಧ ಲೀಟರ್ ಕಡಿಮೆ ತುಂಬಿ, ಎರಡು ನಿಮಿಷ ಓಡಿಸಿ, ಐದು ನಿಮಿಷ ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗೆರೆ ದಾಟಿದರೆ ಕ್ರ್ಯಾಂಕ್ ಆಯಿಲನ್ನು ಬಡಿದು ನೊರೆ ಮಾಡುತ್ತದೆ, ಒತ್ತಡ ಬೀಳುತ್ತದೆ. ಹೆಚ್ಚಾದರೆ ತೆಗೆಯಲೇಬೇಕು. ಇಳಿಸಿದ ಹಳೆಯ ಆಯಿಲನ್ನು ಹೊಲದ ಬದುವಿಗೆ, ಚರಂಡಿಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ಮುಚ್ಚಿ, ಬಳಸಿದ ಆಯಿಲ್ ಸಂಗ್ರಹಿಸಿ ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ.

ಪ್ರಶ್ನೆ: ಎರಡು ಹೊಸ ಸೂತ್ರದ ಆಯಿಲ್‌ಗಳಲ್ಲಿ ನನ್ನ ಎಂಜಿನ್‌ಗೆ ಯಾವುದು ಹೊಂದುತ್ತದೆಂದು ಅಂದಾಜಿಲ್ಲದೆ ತಿಳಿಯುವುದು ಹೇಗೆ?
— ಶಹಾಪುರ

ಉತ್ತರ: ಬಳಸಿದ ಆಯಿಲನ್ನು ಪ್ರಯೋಗಾಲಯಕ್ಕೆ ಕಳಿಸಿ. ‘ಎಂಜಿನ್ ನುಣುಪಾಯಿತು, ಸದ್ದು ಇಳಿಯಿತು’ ಎಂಬ ಅನುಭವ ಯಾವ ಹೊಸ ಆಯಿಲ್ ಹಾಕಿದರೂ ಆಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೊದಲ ಆಯಿಲ್ 7,500 ಕಿ.ಮೀ. ಓಡಿದ ಮೇಲೆ, ಬಿಸಿ ಇದ್ದಾಗಲೇ ಇಳಿಸಿ. ಮೊದಲ ಧಾರೆ ಬಿಟ್ಟು ನಡುಧಾರೆಯಿಂದ 100 ಮಿ.ಲೀ. ಒಣಗಿದ ಸ್ವಚ್ಛ ಬಾಟಲಿಗೆ ಹಿಡಿಯಿರಿ. ತಳದ ಕೆಸರು ಬಂದರೆ ಫಲಿತಾಂಶ ಕೆಡುತ್ತದೆ. ಎರಡನೇ ಆಯಿಲನ್ನೂ ಅದೇ ಕಾರಿನಲ್ಲಿ, ಅಷ್ಟೇ ಕಿಲೋಮೀಟರ್, ಆದಷ್ಟು ಅದೇ ಋತುವಿನಲ್ಲಿ ಓಡಿಸಿ. ಎರಡರದ್ದೂ ಬಳಸದ 100 ಮಿ.ಲೀ. ಸೇರಿಸಿ ಕಳಿಸಿದರೆ ಹೋಲಿಸಲು ಆಧಾರ ಸಿಗುತ್ತದೆ. ಒಂದು ಆಯಿಲ್‌ನಿಂದ ಇನ್ನೊಂದಕ್ಕೆ ಬದಲಿಸಿದ ಮೊದಲ ಸುತ್ತಿನಲ್ಲಿ ಹಳೆಯದರ ಶೇಷ ಉಳಿದಿರುತ್ತದೆ, ಎರಡನೇ ಸುತ್ತಿನ ವರದಿಯನ್ನೇ ನಂಬಿ.

ವರದಿಯಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಸವೆತ ಹೇಳುತ್ತವೆ. ಪಿಪಿಎಂ ಅಂಕಿಯನ್ನು ಓಡಿದ ಸಾವಿರ ಕಿಲೋಮೀಟರಿಗೆ ಭಾಗಿಸಿ ಹೋಲಿಸಿ. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಏರಿದ್ದರೆ ಅದು ದೂಳು, ಆಗ ಆಯಿಲ್ ಬದಲು ಏರ್ ಫಿಲ್ಟರ್ ಪೆಟ್ಟಿಗೆ ನೋಡಿ. ಸಿಲಿಕಾನ್ ಒಂದೇ ಏರಿದ್ದರೆ ಇತ್ತೀಚೆಗೆ ಹಚ್ಚಿದ ಗ್ಯಾಸ್ಕೆಟ್ ಅಂಟಿನದೂ ಇರಬಹುದು. 40 ಗ್ರೇಡಿನ ಆಯಿಲ್‌ನಲ್ಲಿ 100 ಡಿಗ್ರಿ ಸ್ನಿಗ್ಧತೆ 12.5ರ ಕೆಳಗೆ ಜಾರಿದ್ದರೆ ಒಂದೋ ಪಾಲಿಮರ್ ತುಂಡಾಗಿದೆ, ಇಲ್ಲವೇ ಪೆಟ್ರೋಲ್ ಬೆರೆತಿದೆ. ಪೆಟ್ರೋಲ್ ಶೇಕಡಾ ಎಷ್ಟಿದೆ ಎಂಬ ಸಾಲಿನಿಂದ ಯಾವುದೆಂದು ಗೊತ್ತಾಗುತ್ತದೆ. ಊರೊಳಗೆ ಮೂರು ನಾಲ್ಕು ಕಿ.ಮೀ. ಮಾತ್ರ ಓಡುವ ಗಾಡಿಗಳಲ್ಲಿ, ಅದರಲ್ಲೂ 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ, ಇದು ಮುಖ್ಯ. ಎಥನಾಲ್ ಮತ್ತು ನೀರು ಆಯಿಲ್‌ನಿಂದ ಆವಿಯಾಗಿ ಹೋಗಲು ಎಂಜಿನ್ ಪೂರ್ತಿ ಬಿಸಿಯಾಗಿ ಅರ್ಧ ಗಂಟೆಯಾದರೂ ಓಡಬೇಕು. ವಾರಕ್ಕೊಮ್ಮೆ ಹೆದ್ದಾರಿಗೆ ಒಯ್ಯಿರಿ. ಟಿಬಿಎನ್ ಹೊಸ ಆಯಿಲ್‌ನ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಬದಲಿಸುವ ಅಂತರವನ್ನು ಇನ್ನಷ್ಟು ಕಡಿಮೆ ಮಾಡಿ.

ಅಂಗಡಿಯಲ್ಲಿ ಬೇರೆ ಸಿಗುವ ‘ಎಂಜಿನ್ ಟಾನಿಕ್’ ಬಾಟಲಿಯನ್ನು ಈ ಹೋಲಿಕೆಯ ನಡುವೆ ಸುರಿಯಬೇಡಿ, ಆಮೇಲೂ ಬೇಡ. ಅನುಮೋದನೆ ಸಿಕ್ಕಿರುವುದು ಡಬ್ಬಿಯಲ್ಲಿದ್ದ ಮಿಶ್ರಣಕ್ಕೆ, ಹೊರಗಿನ ರಾಸಾಯನಿಕ ಸೇರಿದೊಡನೆ ಅದು ಬೇರೆ ಮಿಶ್ರಣ.